ಕಾಣೆಯಾದವರು ಕೆಲಸ ಬಿಟ್ಟವರಲ್ಲ: ಬೆಳಗಾವಿಯ ಫೌಂಡ್ರಿ ಕಾರ್ಮಿಕರೊಬ್ಬರ ಹೆಂಡತಿಯ ಪ್ರಕರಣ

2023ರ ಅಕ್ಟೋಬರ್‌ನಲ್ಲಿ ಕಾನೂನು ನೆರವಿನ ವಕೀಲೆಯಾಗಿ ನನಗೆ ಈ ಪ್ರಕರಣ ಒಪ್ಪಿಸಲಾಯಿತು. ಹೆಸರು, ಊರು, ಮೊತ್ತ ಮತ್ತು ಕುಟುಂಬದ ಕೆಲವು ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಹೆಂಡತಿಯನ್ನು ಕಸ್ತೂರಿ ಎಂದೂ 2016ರಲ್ಲಿ ಕಾಣೆಯಾದ ಗಂಡನನ್ನು ಕಲ್ಲಪ್ಪ ಎಂದೂ ಕರೆಯುತ್ತೇನೆ.

ಕಸ್ತೂರಿ ಮೊದಲ ದಿನ ನನ್ನ ಮುಂದೆ ಕೂತು ಕೇಳಿದ್ದು ಹಣದ ಮಾತಲ್ಲ. "ಅಕ್ಕಾರ, ನಾ ಯಾವ ಕಾಲಮ್ಮಿನ್ಯಾಗ ಬರ್ತೀನ್ರಿ? ವಿವಾಹಿತೆ ಅಂತ ಬರದ್ರ ಗಂಡನ ಸಹಿ ಕೇಳ್ತಾರ. ವಿಧವೆ ಅಂತ ಬರದ್ರ ಮರಣ ಪತ್ರ ಕೇಳ್ತಾರ." ಏಳು ವರ್ಷ ಅವರು ಅಲೆದ ಕಚೇರಿಗಳ ಕಥೆಯೆಲ್ಲ ಈ ಎರಡು ವಾಕ್ಯದಲ್ಲಿತ್ತು.

ಹಿನ್ನೆಲೆ

ಕಲ್ಲಪ್ಪ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ 2003ರಿಂದ ಮೋಲ್ಡರ್, ಅಂದರೆ ಲೋಹ ಎರೆಯುವ ಅಚ್ಚು ಮಾಡುವವರು. ಕಾಯಂ ಕೆಲಸಗಾರ. ಪಿ.ಎಫ್. (ಭವಿಷ್ಯ ನಿಧಿ), ಇ.ಎಸ್.ಐ. (ಚಿಕಿತ್ಸೆ ಕೊಡುವ ಕಾರ್ಮಿಕರ ರಾಜ್ಯ ವಿಮೆ) ಎರಡೂ ಇದ್ದವು. 2016ರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 11,200 ರೂಪಾಯಿ. ಮನೆಯಲ್ಲಿ ತಾಯಿ, ಹೆಂಡತಿ, 11 ವರ್ಷದ ಮಗಳು, 7 ವರ್ಷದ ಮಗ. ಕೈಸಾಲ ಒಂದಿಷ್ಟಿತ್ತು. ಇನ್ನೊಂದು ಸಂಗತಿಯನ್ನು ಅವರು ಕಾರ್ಖಾನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅವರಿಗೆ ಮೂರ್ಛೆರೋಗವಿತ್ತು. ಕಾದ ಲೋಹದ ಪಕ್ಕದಲ್ಲಿ ನಿಲ್ಲುವವನಿಗೆ ಫಿಟ್ಸ್ ಇದೆ ಎಂದು ಗೊತ್ತಾದರೆ ಕೆಲಸ ಹೋದೀತು ಎಂಬ ಭಯ. ಇ.ಎಸ್.ಐ. ಡಿಸ್ಪೆನ್ಸರಿಯಿಂದ ತಿಂಗಳಿಗೊಮ್ಮೆ ಗುಳಿಗೆ ತಂದು ನುಂಗಿ ಸುಮ್ಮನಿರುತ್ತಿದ್ದರು.

2016ರಲ್ಲಿ ನಾಗರಪಂಚಮಿ ಆಗಸ್ಟ್ 7ಕ್ಕೆ. ತಂಗಿಯನ್ನು ತವರಿಗೆ ಕರೆತರಲು ಕಲ್ಲಪ್ಪ 4ನೇ ತಾರೀಖು ಬೆಳಿಗ್ಗೆ ಗೋಕಾಕ ತಾಲ್ಲೂಕಿನ ಒಂದು ಹಳ್ಳಿಗೆ ಹೊರಟರು. ಘಟಪ್ರಭಾ ದಂಡೆಯ ಊರು, ಮಳೆಗಾಲದ ಹೊಳೆ. ತಂಗಿಯ ಮನೆಗೆ ಅವರು ಮುಟ್ಟಲಿಲ್ಲ. ಅಣ್ಣ ಸಾಲದ ತಾಪತ್ರಯದಲ್ಲಿ ಈ ಸಲ ಬರಲಿಲ್ಲ ಎಂದು ತಂಗಿ ತಿಳಿದರು. ತಂಗಿಯ ಮನೆಯಲ್ಲಿ ಹಬ್ಬ ಮುಗಿಸಿ ಬರುತ್ತಾರೆ ಎಂದು ಹೆಂಡತಿ ತಿಳಿದರು. ಇಬ್ಬರೂ ಫೋನಿನಲ್ಲಿ ಮಾತಾಡಿದ್ದು ಐದು ದಿನ ಕಳೆದ ಮೇಲೆ.

ಅಲ್ಲಿಂದ ಊರಿನ ಬಾಯಿ ಶುರುವಾಯಿತು. ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕೆ ಸೇರಿದ್ದಾನೆ ಎಂದು ಒಬ್ಬರು, ಗೋವಾದಲ್ಲಿ ನೋಡಿದೆ ಎಂದು ಇನ್ನೊಬ್ಬರು. ಸಾಲಗಾರರಿಗೆ ಹೆದರಿ ಓಡಿಹೋದವನು ತಾನಾಗಿ ಬರುತ್ತಾನೆ, ಪೊಲೀಸರ ಬಳಿ ಹೋದರೆ ಮಾನ ಹೋಗುತ್ತದೆ ಎಂದು ಮನೆಯ ಹಿರಿಯರು ಹೇಳಿದರು. ಠಾಣೆಯಲ್ಲಿ ನಾಪತ್ತೆ ದೂರು ದಾಖಲಾಗಿದ್ದು 41ನೇ ದಿನ. ಈ 41 ದಿನಗಳ ಬೆಲೆಯನ್ನು ಆಮೇಲೆ ಕೋರ್ಟಿನಲ್ಲಿ ತೆರಬೇಕಾಯಿತು. "ಗಂಡ ಕಾಣೆಯಾದರೆ ಇಷ್ಟು ದಿನ ಸುಮ್ಮನಿದ್ದಿರೇಕೆ?" ಎಂದು ಪಾಟೀಸವಾಲಿನಲ್ಲಿ ಕೇಳಿದಾಗ ಕಸ್ತೂರಿಯ ಬಳಿ ಇದ್ದದ್ದು ಸತ್ಯವಾದ, ಆದರೆ ಕಾನೂನಿನ ಕಿವಿಗೆ ದುರ್ಬಲವಾಗಿ ಕೇಳುವ ಉತ್ತರ: ನಾಚಿಕೆ.

ಕಾರ್ಖಾನೆ ತಂದ ಕಾಗದ

ಆಗಸ್ಟ್ ಮುಗಿಯುವ ಮೊದಲೇ ಕಾರ್ಖಾನೆಯಿಂದ ಮೊದಲ ನೋಟಿಸು ಬಂತು. ಮೂರು ದಿನದಲ್ಲಿ ಕೆಲಸಕ್ಕೆ ಹಾಜರಾಗದಿದ್ದರೆ ನೀವಾಗಿಯೇ ಕೆಲಸ ತೊರೆದಿದ್ದೀರಿ ಎಂದು ಭಾವಿಸಲಾಗುವುದು. ಹಿಂದೆಯೇ ಮತ್ತೆರಡು. ಮೂರೂ ಕಲ್ಲಪ್ಪನ ಹೆಸರಿಗೆ. ಮನೆಯಲ್ಲಿ ಇಲ್ಲದವನಿಗೆ ಬಂದ ಕಾಗದಕ್ಕೆ ತಾನು ಉತ್ತರ ಕೊಡಬಹುದು ಎಂಬುದೇ ಕಸ್ತೂರಿಗೆ ಹೊಳೆದಿರಲಿಲ್ಲ.

ಅಕ್ಟೋಬರ್‌ನಲ್ಲಿ ಕಚೇರಿಯ ಇಬ್ಬರು ಮನೆಗೇ ಬಂದರು. ಒರಟಾಗಿ ನಡೆದುಕೊಳ್ಳಲಿಲ್ಲ, ಮಕ್ಕಳಿಗೆ ಬಿಸ್ಕಿಟ್ ಸಹ ತಂದಿದ್ದರು. ಟೈಪು ಮಾಡಿದ ಒಂದು ಹಾಳೆ ಮುಂದಿಟ್ಟು, ಸಹಿ ಮಾಡಿದರೆ ಪಿ.ಎಫ್. ಹಣ ಬೇಗ ಬಿಡಿಸಿಕೊಡುತ್ತೇವೆ ಎಂದರು. ಅದರಲ್ಲಿ ಇದ್ದದ್ದು ಇಷ್ಟು: ನನ್ನ ಗಂಡ ಸ್ವಇಚ್ಛೆಯಿಂದ ಕೆಲಸ ಬಿಟ್ಟಿರುತ್ತಾರೆ, ಕಾರ್ಖಾನೆಯಿಂದ ಬೇರೆ ಯಾವ ಬಾಕಿಯೂ ಇರುವುದಿಲ್ಲ.

ಮನೆಯಲ್ಲಿ ಅಕ್ಕಿ ತೀರಿದ ಹೊತ್ತು ಅದು. ಕಸ್ತೂರಿ ಪೆನ್ನು ಕೈಗೆ ತೆಗೆದುಕೊಂಡಿದ್ದರಂತೆ. ಸ್ವಸಹಾಯ ಸಂಘದ ಲೆಕ್ಕ ಬರೆಯುವ ಹೆಣ್ಣುಮಗಳೊಬ್ಬರು ಅಲ್ಲೇ ಇದ್ದರು. "ನಿನ್ನ ಗಂಡ ಕೆಲಸ ಬಿಟ್ಟಾನೋ ಇಲ್ಲೋ ನಿನಗ ಗೊತ್ತೈತೇನ? ಗೊತ್ತಿಲ್ಲದ್ದಕ್ಕ ಸಹಿ ಹಾಕಬ್ಯಾಡ" ಎಂದರು. ಈ ಪ್ರಕರಣದಲ್ಲಿ ಸಿಕ್ಕ ಮೊದಲ ಕಾನೂನು ಸಲಹೆ ಇದೇ. ಇದಕ್ಕಿಂತ ಒಳ್ಳೆಯದನ್ನು ನಾನು ಅಲ್ಲಿದ್ದರೂ ಹೇಳುತ್ತಿರಲಿಲ್ಲ.

ಅದೇ ವಾರ ಇಬ್ಬರೂ ಕೂತು ಕಾರ್ಖಾನೆಗೆ ಕೈಬರಹದಲ್ಲಿ ಪತ್ರ ಬರೆದರು. ನಮ್ಮ ಯಜಮಾನರು ಕೆಲಸ ಬಿಟ್ಟಿಲ್ಲ, ಕಾಣೆಯಾಗಿದ್ದಾರೆ, ಪೊಲೀಸ್ ದೂರಿನ ಪ್ರತಿ ಇದರ ಜೊತೆಗಿದೆ, ಅವರ ಹೆಸರು ತೆಗೆಯಬೇಡಿ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ, ಮರಳಿ ಬಂದ ಗುಲಾಬಿ ಬಣ್ಣದ ಸ್ವೀಕೃತಿ ಚೀಟಿಯನ್ನು ಮಗಳ ಶಾಲೆಯ ಪುಸ್ತಕದಲ್ಲಿ ಇಟ್ಟರು.

ಕಾರ್ಖಾನೆ ಅದಕ್ಕೆ ಉತ್ತರ ಕೊಡಲಿಲ್ಲ. ವಿಚಾರಣೆಯನ್ನೂ ನಡೆಸಲಿಲ್ಲ. 2017ರ ಜನವರಿಯಲ್ಲಿ ಪಿ.ಎಫ್. ದಾಖಲೆಯಲ್ಲಿ ಕಲ್ಲಪ್ಪ ಸೇವೆ ತೊರೆದರು ಎಂದು ದಿನಾಂಕ ಏರಿಸಿ ಮುಗಿಸಿತು. ಗೈರುಹಾಜರಾದ ಕಾರ್ಮಿಕನ ಹೆಸರನ್ನು ಸ್ಥಾಯಿ ಆದೇಶದ, ಅಂದರೆ ಕಾರ್ಖಾನೆಯ ಸೇವಾ ನಿಯಮಗಳ, ಬಲದಿಂದ ತಾನಾಗಿ ತೆಗೆದುಹಾಕುವಂತಿಲ್ಲ, ಅವನ ಮಾತು ಕೇಳುವ ವಿಚಾರಣೆ ಬೇಕು ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಡಿ.ಕೆ. ಯಾದವ್ ಪ್ರಕರಣದಲ್ಲಿ ಹೇಳಿದೆ. ಆದರೆ ಆ ತೀರ್ಪನ್ನು ಹಿಡಿದು ಹೋರಾಡಬೇಕಾದ ಕಾರ್ಮಿಕನೇ ಇಲ್ಲಿ ಇಲ್ಲ. ಕಸ್ತೂರಿ ಕಾರ್ಮಿಕ ಇಲಾಖೆಗೆ ಹೋದಾಗ ಅಧಿಕಾರಿ ಸಮಾಧಾನದಿಂದಲೇ ಕೇಳಿದರು: ಅರ್ಜಿದಾರ ಕಾರ್ಮಿಕನೂ ಅಲ್ಲ, ಸತ್ತ ಕಾರ್ಮಿಕನ ವಾರಸುದಾರಳೂ ಅಲ್ಲ, ಹಾಗಾದರೆ ಯಾರು?

ಏಳು ವರ್ಷ

ಈ ಅವಧಿಯಲ್ಲಿ ಮಾಡಿ ಫಲ ಸಿಗದ ಪ್ರಯತ್ನಗಳನ್ನು ಬೇಗ ಹೇಳಿಬಿಡುತ್ತೇನೆ. ಗಂಡನ ಕೆಲಸ ತನಗೆ ಕೊಡಿ ಎಂದು ಕೇಳಿದರು. ಖಾಸಗಿ ಕಾರ್ಖಾನೆಯಲ್ಲಿ ಅನುಕಂಪದ ನೌಕರಿ ಎಂಬುದು ಒಪ್ಪಂದದಲ್ಲಿ ಇದ್ದರೆ ಮಾತ್ರ ಉಂಟು, ಅಲ್ಲಿ ಇರಲಿಲ್ಲ. ಕಲ್ಲಪ್ಪನ ಉಳಿತಾಯ ಖಾತೆಯಿಂದ ಹಣ ಕೇಳಿದರು, ಮರಣ ಪತ್ರ ಇಲ್ಲದೆ ನಾಮಿನಿಗೆ ಕೊಡುವುದಿಲ್ಲ ಎಂದಿತು ಬ್ಯಾಂಕು. ವಿಧವಾ ವೇತನದ ಅರ್ಜಿಯೂ ಅದೇ ಕಾರಣಕ್ಕೆ ತಿರುಗಿ ಬಂತು. ವಂತಿಗೆ ನಿಂತಿದ್ದರಿಂದ ಇ.ಎಸ್.ಐ. ಚಿಕಿತ್ಸೆಯೂ ನಿಂತಿತು. 2023ರಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಬರತೊಡಗಿದಾಗ, ಗಂಡನ ಸಹಿಯನ್ನೂ ಮರಣ ಪತ್ರವನ್ನೂ ಕೇಳದೆ ಬಂದ ಮೊದಲ ಸರ್ಕಾರಿ ಹಣ ಇದು ಎಂದರು ಕಸ್ತೂರಿ.

ಕೇಂದ್ರ ಸರ್ಕಾರಿ ನೌಕರ ಕಾಣೆಯಾದರೆ ಪೊಲೀಸ್ ದೂರು ಕೊಟ್ಟು 6 ತಿಂಗಳಾದ ಮೇಲೆ, ಆತ ಮರಳಿದರೆ ಹಣ ಹಿಂತಿರುಗಿಸುವ ಮುಚ್ಚಳಿಕೆ ಬರೆದುಕೊಟ್ಟು, ಕುಟುಂಬ ಪಿಂಚಣಿ ಕೇಳಲು ಬರುತ್ತದೆ. ಫೌಂಡ್ರಿ ಕಾರ್ಮಿಕನ ಹೆಂಡತಿ ಏಳು ವರ್ಷ ಕಾಯಬೇಕು. ಇಬ್ಬರ ಮನೆಯ ಒಲೆಗೂ ಹಸಿವು ಒಂದೇ. ಈ ಅಂತರ ನನಗೆ ಇಂದಿಗೂ ಅನ್ಯಾಯವಾಗಿ ಕಾಣುತ್ತದೆ, ಅದನ್ನು ಇಲ್ಲಿ ದಾಖಲಿಸದೆ ಮುಂದೆ ಹೋಗಲಾರೆ.

ಏಳು ವರ್ಷದ ಲೆಕ್ಕ ಬಂದದ್ದು 1872ರ ಸಾಕ್ಷ್ಯ ಅಧಿನಿಯಮದ 108ನೇ ಕಲಮಿನಿಂದ. ಬದುಕಿದ್ದರೆ ಸಹಜವಾಗಿ ಯಾರಿಗೆ ಸುದ್ದಿ ಮುಟ್ಟುತ್ತಿತ್ತೋ ಅಂಥವರಿಗೆ ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ, ಆತ ಬದುಕಿದ್ದಾನೆ ಎಂದು ಹೇಳುವವರೇ ಅದನ್ನು ಸಾಬೀತು ಮಾಡಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಇದೇ ಮಾತು 111ನೇ ಕಲಮಿನಲ್ಲಿದೆ. ನಮ್ಮ ದಾವೆ ಅದಕ್ಕೂ ಮೊದಲಿನದಾದ್ದರಿಂದ ಹಳೆಯ ಕಾಯ್ದೆಯ ಕೆಳಗೇ ನಡೆಯಿತು.

ದಾವೆ, ಮತ್ತು ನನ್ನ ತಪ್ಪು

ಸರ್ಕಾರವನ್ನು ಪ್ರತಿವಾದಿ ಮಾಡಬೇಕಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ಎರಡು ತಿಂಗಳ ಮುಂಚಿತ ನೋಟಿಸು ಕೊಡಬೇಕು. ಅದು ಮುಗಿದ ಮೇಲೆ 2024ರ ಫೆಬ್ರುವರಿಯಲ್ಲಿ ಘೋಷಣಾ ದಾವೆ, ಅಂದರೆ ಕಲ್ಲಪ್ಪ ಮೃತರೆಂದು ಕೋರ್ಟು ಸಾರಬೇಕೆಂಬ ದಾವೆ, ಹೂಡಿದೆವು. ಇಂಥ ದಾವೆಗಳಲ್ಲಿ ತಹಶೀಲ್ದಾರರನ್ನೂ ಜನನ ಮರಣ ನೋಂದಣಾಧಿಕಾರಿಯನ್ನೂ ಮಾತ್ರ ಸೇರಿಸಿ ಕೈತೊಳೆದುಕೊಳ್ಳುವುದನ್ನು ಕಂಡಿದ್ದೇನೆ. ನಾವು ಕಾರ್ಖಾನೆಯನ್ನೂ ಪಿ.ಎಫ್. ಕಚೇರಿಯನ್ನೂ ಸೇರಿಸಿದೆವು. ನಿರ್ದಿಷ್ಟ ಪರಿಹಾರ ಕಾಯ್ದೆಯ 35ನೇ ಕಲಮಿನ ಪ್ರಕಾರ ಘೋಷಣೆಯ ಡಿಕ್ರಿ (ಕೋರ್ಟಿನ ತೀರ್ಮಾನದ ಆದೇಶ) ಆ ದಾವೆಯ ಪಕ್ಷಗಾರರನ್ನು ಮತ್ತು ಅವರ ಮೂಲಕ ಹಕ್ಕು ಹೇಳುವವರನ್ನು ಮಾತ್ರ ಕಟ್ಟಿಹಾಕುತ್ತದೆ. ಹಣ ಕೊಡಬೇಕಾದವರು ಹೊರಗುಳಿದರೆ ನಾಳೆ ಅವರು ಈ ಡಿಕ್ರಿ ನಮಗೆ ಸಂಬಂಧಿಸಿದ್ದಲ್ಲ ಎನ್ನಬಹುದು.

ಅಷ್ಟು ಎಚ್ಚರ ವಹಿಸಿದವಳು ಮುಖ್ಯವಾದ ಒಂದನ್ನು ಮರೆತಿದ್ದೆ. ವಾದಪತ್ರದಲ್ಲಿ ನಾನು ಕೇಳಿದ್ದು ಕಲ್ಲಪ್ಪ ಮೃತರೆಂದು ಘೋಷಿಸಿ ಎಂದಷ್ಟೇ. ಸಾಕ್ಷಿ ವಿಚಾರಣೆಯ ದಿನ ನ್ಯಾಯಾಧೀಶರು ತಲೆ ಎತ್ತಿ, "ಯಾವತ್ತಿನಿಂದ?" ಎಂದರು.

ಏಳು ವರ್ಷ ಕಳೆದರೆ ಸಾವನ್ನು ಊಹಿಸಬಹುದು, ಸಾವಿನ ದಿನವನ್ನು ಊಹಿಸಲು ಬರುವುದಿಲ್ಲ. ಎಲ್‌ಐಸಿ ಮತ್ತು ಅನುರಾಧಾ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಇದನ್ನು ಬಿಡಿಸಿ ಹೇಳಿದೆ. ಕಾಣೆಯಾದ ದಿನವೇ ಸತ್ತ ಎಂದಾಗಲಿ, ಏಳು ವರ್ಷ ತುಂಬಿದ ದಿನ ಸತ್ತ ಎಂದಾಗಲಿ ತಾನಾಗಿ ಹಿಡಿಯುವಂತಿಲ್ಲ. ದಿನ ಬೇಕೆಂದವರು ಅದಕ್ಕೆ ಸಾಕ್ಷ್ಯ ಕೊಡಬೇಕು. ಕಸ್ತೂರಿಗೆ ಆ ದಿನ ಬೇಕೇಬೇಕಿತ್ತು. ಉದ್ಯೋಗಿಗಳ ಠೇವಣಿ ಆಧಾರಿತ ವಿಮೆ, ಅಂದರೆ ಇ.ಡಿ.ಎಲ್.ಐ., ಸೇವೆಯಲ್ಲಿದ್ದಾಗ ಸತ್ತವರ ಕುಟುಂಬಕ್ಕೆ. ಗಂಡನ ಎಲ್‌ಐಸಿ ಪಾಲಿಸಿಯ ಕಂತನ್ನು 2018ರ ತನಕ ಹೇಗೋ ಕಟ್ಟಿ ಆಮೇಲೆ ಕೈಬಿಟ್ಟಿದ್ದರು. ಸಾವು 2023ರದ್ದು ಎಂದಾದರೆ ವಿಮೆಯ ಹಣ ಹೋಯಿತು, ಪಾಲಿಸಿಯ ಪೂರ್ಣ ಮೊತ್ತವೂ ಹೋಯಿತು, ಪಿ.ಎಫ್. ಜೊತೆಗಿನ ಪಿಂಚಣಿ ಯೋಜನೆಯಿಂದ ಬರುವ ವಿಧವಾ ಪಿಂಚಣಿಯ ಏಳು ವರ್ಷದ ಬಾಕಿಯೂ ಹೋಯಿತು. ವಾದಪತ್ರ ತಿದ್ದಲು ಅನುಮತಿ ಕೇಳಿದೆ. ಸಿಕ್ಕಿತು, ಆದರೆ ಐದು ತಿಂಗಳು ಹೋಯಿತು. ಆ ಐದು ತಿಂಗಳು ಹೋದದ್ದು ನನ್ನಿಂದ ಎಂದು ಕಸ್ತೂರಿಗೆ ಅಂದೇ ಹೇಳಿದೆ.

ದಿನವನ್ನು ಹುಡುಕಿದ್ದು

ಈಗ ಹಳೆಯ ಕಾಗದಗಳನ್ನು ಹೊಸ ಕಣ್ಣಿನಿಂದ ಓದಬೇಕಾಯಿತು. ಪೊಲೀಸರು 2018ರಲ್ಲಿ ಪತ್ತೆಯಾಗಲಿಲ್ಲ ಎಂದು ಸಿ ರಿಪೋರ್ಟ್ ಹಾಕಿದ್ದರು. ಅದರ ಪೂರ್ತಿ ಕಡತದ ನಕಲು ತೆಗೆಸಿದೆವು. ಕೊನೆಯ ಪುಟಗಳಲ್ಲಿ ಒಂದು ಪಂಚನಾಮೆ ಇತ್ತು. ನೀರು ಇಳಿದ ಮೇಲೆ, ಸೆಪ್ಟೆಂಬರ್ ಕೊನೆಯಲ್ಲಿ, ತಂಗಿಯ ಊರಿನ ಕೆಳಗೆ ಹೊಳೆದಂಡೆಯ ಪಂಪ್‌ಸೆಟ್ ಬಳಿ ಮುಳ್ಳುಕಂಟಿಗೆ ಸಿಕ್ಕ ಕೈಚೀಲವೊಂದನ್ನು ರೈತರು ಠಾಣೆಗೆ ಒಪ್ಪಿಸಿದ್ದರು. ಒಳಗೆ ಒಂದು ಹೊಸ ಸೀರೆ, ಹಸಿರು ಬಳೆ, ಇ.ಎಸ್.ಐ. ಕಾರ್ಡು, ನಾಲ್ಕು ಗುಳಿಗೆ ಉಳಿದಿದ್ದ ಒಂದು ಪಟ್ಟಿ. ಕಸ್ತೂರಿ ಅಂದು ಠಾಣೆಗೆ ಹೋಗಿ ಚೀಲ ಗುರುತಿಸಿದ್ದರು. ಆದರೆ ಚೀಲ ಸಿಕ್ಕಿದೆ, ಮನುಷ್ಯ ಸಿಕ್ಕಿಲ್ಲ ಎಂದು ವಿಷಯ ಅಲ್ಲಿಗೇ ನಿಂತಿತ್ತು. ಸೀರೆ ತಂಗಿಗೆ ಪಂಚಮಿಗೆಂದು ಕೊಂಡದ್ದು.

ಎರಡನೆಯದು ಬ್ಯಾಂಕಿನ ಪಟ್ಟಿ. ಜುಲೈ ತಿಂಗಳ ಪಗಾರ ಆಗಸ್ಟ್ 10ಕ್ಕೆ ಖಾತೆಗೆ ಜಮೆಯಾಗಿದೆ. ಎ.ಟಿ.ಎಂ. ಕಾರ್ಡು ಕಲ್ಲಪ್ಪನ ಕಿಸೆಯಲ್ಲೇ ಇತ್ತು, ಗುಪ್ತ ಸಂಖ್ಯೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಏಳು ವರ್ಷದಲ್ಲಿ ಒಂದು ರೂಪಾಯಿ ಹೊರಗೆ ಹೋಗಿಲ್ಲ. ಮಕ್ಕಳ ಫೀಜಿಗೆ ಎಂದು ಕೇಳಿದಾಗ ಸಿಗದ ಹಣ ಈಗ ಸಾಕ್ಷಿಯಾಗಿ ನಿಂತಿತು. ಸಾಲಕ್ಕೆ ಹೆದರಿ ಓಡಿದವನು ಕೈಯಲ್ಲಿ ಕಾರ್ಡಿದ್ದೂ ತನ್ನ ಪಗಾರ ಮುಟ್ಟದೆ ಹೋಗುತ್ತಾನೆಯೇ? ಮೂರನೆಯದು ಡಿಸ್ಪೆನ್ಸರಿಯ ದಾಖಲೆ: ವರ್ಷಗಟ್ಟಲೆ ತಿಂಗಳು ತಪ್ಪದೆ ಗುಳಿಗೆ ಒಯ್ದವರು 2016ರ ಜುಲೈ ನಂತರ ಒಮ್ಮೆಯೂ ಬಂದಿಲ್ಲ.

ನಾಲ್ಕನೆಯದು ಕಲ್ಲಪ್ಪನ ತಾಯಿ. ನಿಜವಾದ ಕಷ್ಟ ಇಲ್ಲಿತ್ತು. ಮಗನ ಸುದ್ದಿ ಸಹಜವಾಗಿ ಮೊದಲು ಮುಟ್ಟಬೇಕಾದದ್ದು ತಾಯಿಗೆ, ಹಾಗಾಗಿ ಆಕೆಯ ಸಾಕ್ಷ್ಯಕ್ಕೆ ತೂಕ ಹೆಚ್ಚು. ಆಕೆ ಒಪ್ಪಲಿಲ್ಲ. "ನನ್ನ ಬಾಯಿಲೆ ಮಗನ್ನ ಸಾಯಿಸಬ್ಯಾಡ್ರಿ" ಎಂದು ಹೊರಗೆ ಎದ್ದು ಹೋದರು. ಸೊಸೆ ಕುಂಕುಮ ಅಳಿಸಲು ಆತುರಪಡುತ್ತಿದ್ದಾಳೆ ಎಂದು ಓಣಿಯಲ್ಲಿ ಮಾತೂ ಆಯಿತು. ಕಸ್ತೂರಿ ಅದಕ್ಕೆ ಉತ್ತರ ಕೊಡಲಿಲ್ಲ. ಅತ್ತೆಯ ಮೇಲೆ ಒತ್ತಡ ಹಾಕಬೇಡಿ ಎಂದು ನನಗೂ ಹೇಳಿದರು.

ನಾವು ಕೇಳುವ ಪ್ರಶ್ನೆಯನ್ನೇ ಬದಲಿಸಿದೆವು. ಮಗ ಸತ್ತಿದ್ದಾನೆ ಎಂದು ತಾಯಿ ಹೇಳಬೇಕಾಗಿಯೇ ಇಲ್ಲ. ಕಾನೂನು ಕೇಳುವುದು ಸುದ್ದಿ ಬಂದಿದೆಯೇ ಎಂಬುದನ್ನು ಮಾತ್ರ, ತೀರ್ಮಾನ ಕೋರ್ಟಿನದು. ಇದನ್ನು ಮೂರು ಸಲ ಅವರ ಮನೆಯ ಕಟ್ಟೆಯ ಮೇಲೆ ಕೂತು ಬಿಡಿಸಿ ಹೇಳಿದ ಮೇಲೆ ಅಜ್ಜಿ ಕಟಕಟೆಗೆ ಬಂದರು. "ಅಂವ ಪ್ರತಿ ಸೋಮವಾರ ಸಂಜಿಮುಂದ ಎಲ್ಲಿದ್ರೂ ನನಗ ಫೋನ್ ಹಚ್ಚತಿದ್ದ. ಆ ಪಂಚಮಿ ಆದಮ್ಯಾಗ ಒಂದು ಸೋಮವಾರನೂ ಹಚ್ಚಿಲ್ರಿ." ಅಷ್ಟೇ ಹೇಳಿದರು. ಎದುರು ವಕೀಲರು ಪಾಟೀಸವಾಲು ಮಾಡಲಿಲ್ಲ.

2025ರ ಜೂನ್‌ನಲ್ಲಿ ಡಿಕ್ರಿ ಆಯಿತು. ಚೀಲ, ಪಗಾರ, ಗುಳಿಗೆ, ತಾಯಿಯ ಮಾತು, ರೋಗದ ಇತಿಹಾಸ ಎಲ್ಲವನ್ನೂ ಒಟ್ಟಿಗೆ ತೂಗಿ, ಕಲ್ಲಪ್ಪ 2016ರ ಆಗಸ್ಟ್ 4ರಂದು ಅಥವಾ ಅದರ ಆಸುಪಾಸಿನಲ್ಲಿ ಮೃತಪಟ್ಟಿದ್ದಾರೆ ಎಂದು ನ್ಯಾಯಾಲಯ ಹೇಳಿತು.

ಹಕ್ಕಿನ ಲೆಕ್ಕ

ಮರಣ ಪತ್ರ ಬಂದ ಮೇಲೂ ಪಿ.ಎಫ್. ಅರ್ಜಿ ಒಮ್ಮೆ ಮರಳಿತು. ಕಾರಣ 2017ರ ಆ ನಮೂದು: ಸೇವೆ ತೊರೆದಿದ್ದಾರೆ. ಕಾರ್ಖಾನೆಯ ಆಡಳಿತ ಅಷ್ಟರಲ್ಲಿ ಬದಲಾಗಿ, ಹಳೆಯ ಕಡತ ಇಲ್ಲ ಎಂದರು. ಅಲ್ಲಿ ನೆರವಾದದ್ದು ಎರಡು. ಒಂದು, ಡಿಕ್ರಿಯಲ್ಲಿ ಅವರೇ ಪ್ರತಿವಾದಿಗಳು. ಇನ್ನೊಂದು, ಶಾಲೆಯ ಪುಸ್ತಕದಲ್ಲಿದ್ದ ಆ ಗುಲಾಬಿ ಚೀಟಿ. ಕೆಲಸಗಾರ ಕಾಣೆಯಾಗಿದ್ದಾರೆಂದು 2016ರಲ್ಲೇ ತಿಳಿದಿದ್ದೂ ಕೆಲಸ ಬಿಟ್ಟರು ಎಂದು ಬರೆದಿರಿ ಎಂಬುದಕ್ಕೆ ಅವರ ಬಳಿ ಉತ್ತರವಿರಲಿಲ್ಲ. ಆಗಸ್ಟ್‌ನಲ್ಲೇ ತೀರಿಕೊಂಡವರು ಮುಂದಿನ ಜನವರಿಯಲ್ಲಿ ಕೆಲಸ ಬಿಡಲು ಹೇಗೆ ಸಾಧ್ಯ? ನಮೂದನ್ನು ತಿದ್ದಿ, ನಿರ್ಗಮನಕ್ಕೆ ಮರಣ ಎಂಬ ಕಾರಣ ಕಾಣಿಸಿದರು.

ಆಮೇಲೆ ಒಂದೊಂದೇ ಬಂದವು. ಪಿ.ಎಫ್. ಶಿಲ್ಕು ಬಡ್ಡಿಸಹಿತ. 2016ರಲ್ಲಿ ಇದ್ದ ನಿಯಮದಂತೆ ಇ.ಡಿ.ಎಲ್.ಐ. ವಿಮೆಯ ಲೆಕ್ಕ ಸರಾಸರಿ ವೇತನದ 30 ಪಟ್ಟು, ಅದರ ಮೇಲೆ ಪಿ.ಎಫ್. ಖಾತೆಯ ಸರಾಸರಿ ಶಿಲ್ಕಿನ ಅರ್ಧ. ಒಟ್ಟು ಮಿತಿ 6 ಲಕ್ಷ. 11,200ರ 30 ಪಟ್ಟು 3,36,000. ಸರಾಸರಿ ಶಿಲ್ಕು 1,62,000 ಇದ್ದದ್ದರಿಂದ ಅದರ ಅರ್ಧ 81,000. ಕೂಡಿಸಿದರೆ 4,17,000. ಅಂದು ಸಹಿ ಮಾಡಿದ್ದರೆ ಕೈತಪ್ಪುತ್ತಿದ್ದ ದೊಡ್ಡ ಮೊತ್ತ ಇದು. 1995ರ ಪಿಂಚಣಿ ಯೋಜನೆಯಲ್ಲಿ ಸಾವಿನ ಮರುದಿನದಿಂದ ವಿಧವಾ ಪಿಂಚಣಿ, ಬಾಕಿ ಸೇರಿ. 25 ವರ್ಷ ತುಂಬುವ ತನಕ ಇಬ್ಬರು ಮಕ್ಕಳಿಗೆ ತಾಯಿಯ ಪಿಂಚಣಿಯ ಶೇ. 25ರಂತೆ ಬೇರೆ. ಎಲ್‌ಐಸಿ ಪಾಲಿಸಿ 2016ರಲ್ಲಿ ಚಾಲ್ತಿಯಲ್ಲಿದ್ದುದರಿಂದ ಪೂರ್ಣ ಮೊತ್ತ. ಗ್ರಾಚ್ಯುಟಿ, ಅಂದರೆ ಸೇವೆ ಮುಗಿದಾಗ ಕಾರ್ಖಾನೆ ಕೊಡಬೇಕಾದ ಉಪದಾನ, 13 ವರ್ಷಕ್ಕೆ, ವರ್ಷಕ್ಕೆ 15 ದಿನದ ವೇತನದಂತೆ, ತಿಂಗಳಿಗೆ 26 ದಿನ ಹಿಡಿದು: 84,000. ಸಾವಿನ ಸಂದರ್ಭದಲ್ಲಿ ಗ್ರಾಚ್ಯುಟಿಗೆ ಐದು ವರ್ಷದ ಸೇವೆ ಆಗಿರಲೇಬೇಕೆಂದಿಲ್ಲ ಎಂಬುದು ಬಹಳ ಕುಟುಂಬಗಳಿಗೆ ತಿಳಿದಿರುವುದಿಲ್ಲ.

ಇದೇ ಸ್ಥಿತಿಯಲ್ಲಿ ಯಾರಾದರೂ ನಿಮ್ಮ ಬಳಿ ಬಂದರೆ ಮೊದಲು ಅವರನ್ನು ಅಂದೇ ಠಾಣೆಗೆ ಕರೆದೊಯ್ಯಿರಿ, ನಾಳೆಗೆ ಬಿಡಬೇಡಿ. ಕಾರ್ಖಾನೆಯಿಂದ ಬಂದ ಪ್ರತಿ ನೋಟಿಸಿಗೂ ಮನೆಯವರೇ ಉತ್ತರ ಬರೆಯಲಿ, ಕಾಣೆಯಾಗಿದ್ದಾರೆ ಎಂಬ ಶಬ್ದ ಅದರಲ್ಲಿ ಇರಲಿ. ವಿಮೆಯ ಕಂತು ಕಟ್ಟಲು ಸಾಧ್ಯವಿದ್ದರೆ ನಿಲ್ಲಿಸಬೇಡಿ. ಕಸ್ತೂರಿಗೆ ಸಿಕ್ಕಂಥ ದಿನಾಂಕ ಎಲ್ಲರಿಗೂ ಸಿಗುವುದಿಲ್ಲ, ಅವರಿಗೆ ಸಿಕ್ಕದ್ದು ಒಂದು ಮುಳ್ಳುಕಂಟಿಯ ದಯೆಯಿಂದ. ಸಿ ರಿಪೋರ್ಟ್ ಬಂದಾಗ ಒಂದು ಹಾಳೆಯ ಹಿಂಬರಹಕ್ಕೆ, ಅಂದರೆ ಠಾಣೆಯ ಲಿಖಿತ ಉತ್ತರಕ್ಕೆ, ತೃಪ್ತರಾಗದೆ ಪೂರ್ತಿ ಕಡತದ ನಕಲು ತೆಗೆಸಿ. ವಕೀಲರ ಖರ್ಚಿಗೆ ಹೆದರಿ ಕೂರಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು ಉಂಟು. ಕಸ್ತೂರಿಗೆ ಇದು 2016ರಲ್ಲೇ ಗೊತ್ತಿದ್ದರೆ ಆ ಮೂರು ನೋಟಿಸುಗಳಿಗೂ ಉತ್ತರ ಹೋಗುತ್ತಿತ್ತು.

ಡಿಕ್ರಿಯ ನಕಲು ಕೊಟ್ಟ ದಿನ ಕಸ್ತೂರಿ ಅದನ್ನು ಓದಲಿಲ್ಲ, ಮಗಳ ಕೈಗೆ ಕೊಟ್ಟರು. ಕುಂಕುಮ ಇಡುವುದನ್ನು ಅವರು ಬಿಟ್ಟಿಲ್ಲ. ಅತ್ತೆಯೇ ಬಿಡಬೇಡ ಎಂದಿದ್ದಾರೆ. ಪಿ.ಎಫ್. ಹಣದಲ್ಲಿ ಒಂದು ಪಾಲನ್ನು ಅತ್ತೆಯ ಹೆಸರಿನಲ್ಲಿ ಠೇವಣಿ ಇಟ್ಟರು, ಅದು ಅವರದೇ ತೀರ್ಮಾನ. ಗ್ರಾಚ್ಯುಟಿಯ ಅಸಲು ಬಂದಿದೆ. ತಡವಾದುದಕ್ಕೆ ಬಡ್ಡಿ ಕೊಡಲು ಕಾರ್ಖಾನೆ ಒಪ್ಪಿಲ್ಲ, ಆ ಅರ್ಜಿ ಕಾರ್ಮಿಕ ಇಲಾಖೆಯ ನಿಯಂತ್ರಣ ಪ್ರಾಧಿಕಾರದ ಮುಂದೆ ಇನ್ನೂ ನಡೆಯುತ್ತಿದೆ. ಪ್ರತಿ ತಾರೀಖಿಗೂ ಕಸ್ತೂರಿ ಮಗಳನ್ನು ಜೊತೆಗೆ ಕರೆತರುತ್ತಾರೆ. ಆ ಗುಲಾಬಿ ಚೀಟಿ ಈಗ ಪ್ಲಾಸ್ಟಿಕ್ ಹೊದಿಕೆಯೊಳಗಿದೆ.